ಶೆಟ್ಟರು ದೋಣಿ ಹತ್ತಿದ ದಿನ

ಹೊಳೆಗೆ ಎರಡು ದಡಗಳನ್ನು ಕೊಟ್ಟು, ಎರಡಕ್ಕೂ ಒಂದೇ ನೀರನ್ನು ಹರಿಸುವ ಪರಮಾತ್ಮನಿಗೆ ಮೊದಲು ಕೈಮುಗಿಯುತ್ತೇನೆ. ಅವನು ನಡೆಸಿದಷ್ಟು ದೂರ ಈ ಕತೆ ನಡೆಯಲಿ.

ಒಂದು ಬೆಳಿಗ್ಗೆ ಪಂಚಾಕ್ಷರಿ ಎಂಬ ಶಿಷ್ಯ ಮಠಕ್ಕೆ ಬಂದ. ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಮನೆ ಅಂಗಡಿಯ ಮೇಲೆಯೇ. ತಂದಿದ್ದ ಮಲ್ಲಿಗೆಯ ಮಾಲೆಯನ್ನು ಗುರುಗಳ ಮುಂದಿಟ್ಟು ನಮಸ್ಕರಿಸಿ ಕುಳಿತ.

"ಗುರುಗಳೇ, ಒಂದು ವಿಷಯ ತಲೆ ಕೊರೀತಾ ಇದೆ. ನಮ್ಮ ನಗರದಲ್ಲಿ ಇಷ್ಟು ದಿನ ದೂರ ಹೋದಷ್ಟೂ ಬಸ್ಸಿನ ದರ ಜಾಸ್ತಿ ಇತ್ತು. ಇನ್ನು ಮೇಲೆ ಊರಾಚೆಯ ಬಡಾವಣೆಯಿಂದ ಬಂದರೂ ಒಂದೇ ದರವಂತೆ. ಕಡಿಮೆ ಬಿದ್ದದ್ದನ್ನು ಅಂಗಡಿಯವರ ತೆರಿಗೆಯಿಂದ ತುಂಬಿಸುತ್ತಾರಂತೆ. ನಾನು ಮೆಟ್ಟಿಲಿಳಿದರೆ ಅಂಗಡಿ. ಬಸ್ಸನ್ನೇ ಹತ್ತದವನು ಬಸ್ಸಿಗೆ ಕೊಡಬೇಕೆಂದರೆ ಅದು ಯಾವ ನ್ಯಾಯ?"

"ಒಳ್ಳೆಯ ಪ್ರಶ್ನೆ," ಎಂದರು ಗುರುಗಳು. "ನನಗೂ ತಿಳಿಯುವ ಆಸೆ. ಒಂದು ಕತೆಯನ್ನು ಹಿಡಿದು ಹೋಗೋಣ, ಎಲ್ಲಿ ಮುಟ್ಟುತ್ತದೋ ನೋಡೋಣ." ಹಾಗೆಂದು ಈ ಕತೆ ಹೇಳಿದರು.

ಹೊಳೆಯ ದಂಡೆಯ ಮೇಲೆ ಒಂದು ಪೇಟೆ ಇತ್ತು. ಹೊಳೆಯುದ್ದಕ್ಕೂ ಊರಿನ ದೋಣಿ ಓಡಾಡುತ್ತಿತ್ತು. ಅದು ನಿಲ್ಲುವ ಜಾಗಗಳಿಗೆ ಕಡವು ಎನ್ನುತ್ತಿದ್ದರು. ದಾಟಿದ ಕಡವಿಗೊಂದು ಹಿಡಿ ರಾಗಿಯನ್ನು ಅಂಬಿಗನ ಚೀಲಕ್ಕೆ ಹಾಕಬೇಕು. ಹೆಚ್ಚು ದೂರ ಹೋದವರು ಹೆಚ್ಚು ಹಿಡಿ ಹಾಕಬೇಕು. ಅಂಬಿಗನ ತೋಳು ಅಷ್ಟು ಹೆಚ್ಚು ದುಡಿಯುತ್ತದಲ್ಲ. ಇದು ನ್ಯಾಯವೆಂದು ಎಲ್ಲರೂ ಒಪ್ಪಿದ್ದರು.

ಕೊನೆಯ ಕಡವಿನಲ್ಲಿ ಕುಂಬಾರರಿದ್ದರು. ಅವರಲ್ಲೊಬ್ಬಳು ದಿನವೂ ಬುಟ್ಟಿ ತುಂಬ ಮಡಕೆ ಹೊತ್ತು ದೋಣಿಯಲ್ಲಿ ಪೇಟೆಗೆ ಬರುತ್ತಿದ್ದಳು. ದಡದುದ್ದಕ್ಕೂ ಬಂಡೆ, ಮುಳ್ಳು. ಮಡಕೆ ಹೊತ್ತು ನಡೆಯುವ ದಾರಿಯಲ್ಲ ಅದು. ಮಡಕೆ ಮಾರಿ ರಾಗಿ ಪಡೆಯುತ್ತಿದ್ದಳು. ಹೋಗುತ್ತ ಬರುತ್ತ ದೋಣಿಗೆ ಹಾಕಿ ಉಳಿದದ್ದರಲ್ಲಿ ಮಕ್ಕಳಿಗೆ ಮುದ್ದೆ ಮಾಡಿದರೆ ಅವಳ ಪಾಲಿಗೆ ಪಾತ್ರೆ ಕೆರೆಯುವುದಷ್ಟೇ ಉಳಿಯುತ್ತಿತ್ತು.

ಒಂದು ದಿನ ಅವಳು ಪೇಟೆಯ ಹಿರಿಯರಾದ ಶೆಟ್ಟರ ಬಳಿ ಹೋಗಿ, "ಶೆಟ್ಟರೇ, ದೋಣಿಯ ರಾಗಿ ಸ್ವಲ್ಪ ಇಳಿಸಿ. ಮಡಕೆ ಮಾಡೋಳು ನಾನು, ಉಣ್ಣೋದು ಅಂಬಿಗನ ಚೀಲ" ಎಂದಳು.

ಶೆಟ್ಟರು ನಕ್ಕರು. "ದೂರ ಹೋಗೋರು ಹೆಚ್ಚು ಕೊಡಬೇಕಮ್ಮ. ನನ್ನ ನೋಡು, ಹುಟ್ಟಿದಾಗಿನಿಂದ ದೋಣಿ ಹತ್ತಿಲ್ಲ. ನಿನಗೆ ಇಳಿಸಿದರೆ ಅದನ್ನ ನಾನು ತುಂಬಬೇಕಾ?"

ಅವಳು ಸ್ವಲ್ಪ ಹೊತ್ತು ಶೆಟ್ಟರ ಜಗಲಿಯ ಮೇಲಿದ್ದ ನೀರಿನ ಮಡಕೆಯನ್ನು ನೋಡಿದಳು. ಅದು ಅವಳೇ ಮಾಡಿದ್ದು. "ಹೌದು, ನೀವು ಹತ್ತಿಲ್ಲ," ಎಂದು ಹೊರಟುಹೋದಳು.

ಮರುದಿನ ಅವಳು ಪೇಟೆಗೆ ಬರಲಿಲ್ಲ. ಆಮೇಲೆ ಅವಳ ಕೇರಿಯವರು ಯಾರೂ ಬರಲಿಲ್ಲ. ಗುಡ್ಡದ ಆಚೆಯ ಹಳ್ಳಿಗಳಲ್ಲಿ ಮಾರಿಕೊಂಡರು. ಅಲ್ಲಿ ಕೊಳ್ಳುವವರು ಕಡಿಮೆ. ಅವಳ ಮನೆಯ ಒಲೆ ದಿನಕ್ಕೆ ಒಂದೇ ಹೊತ್ತು ಉರಿಯಿತು. ಇತ್ತ ಪೇಟೆಯಲ್ಲಿ ಬೇಸಿಗೆ ಬಂತು. ಹಳೆಯ ಮಡಕೆಗಳಲ್ಲಿ ನೀರು ತಣ್ಣಗಾಗುವುದು ನಿಂತಿತು. ಆದರೂ ಬಿಸಿ ನೀರು ಕುಡಿದುಕೊಂಡು ಎಲ್ಲರೂ ಸುಮ್ಮನಿದ್ದರು.

ಅಷ್ಟರಲ್ಲಿ ಶೆಟ್ಟರ ಮಗಳ ಮದುವೆ ನಿಶ್ಚಯವಾಯಿತು. ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಮದುವೆಗೆ ಮೊದಲು ಹೆಣ್ಣಿನ ಮನೆಯವರೇ ವಾಲಗದೊಡನೆ ಕುಂಬಾರರ ಮನೆಗೆ ಹೋಗಿ, ಬಣ್ಣ ಬರೆದ ಐರಣಿ ಮಡಕೆಗಳನ್ನು ಪೂಜಿಸಿ ತರಬೇಕು. ಅವು ಬಾರದೆ ಹಸೆಗೆ ಕೂರುವಂತಿಲ್ಲ. ಆಳನ್ನು ಕಳಿಸಿ ತರಿಸುವಂತೆಯೂ ಇಲ್ಲ.

ಶೆಟ್ಟರು ದೋಣಿ ಹತ್ತಿದರು. ಹೆಂಡತಿ, ತಂಗಿಯರು, ವಾಲಗದವರು, ಎಲ್ಲರೂ ಹತ್ತಿದರು. ಕಡವು ಬಂದಾಗಲೆಲ್ಲ ಅಂಬಿಗ ಚೀಲದ ಬಾಯಿ ಬಿಚ್ಚಿ ಹಿಡಿದ. ತಲೆಗೊಂದು ಹಿಡಿ. ಬಿಸಿಲೇರಿತು. ವಾಲಗದವನು ಊದಿ ಊದಿ ಸುಸ್ತಾಗಿ ಬಗ್ಗಿ ಹೊಳೆಯ ನೀರು ಕುಡಿದ. ಕೊನೆಯ ಕಡವು ಇನ್ನೂ ಕಾಣಲಿಲ್ಲ.

"ಏನಯ್ಯಾ ಇದು!" ಎಂದರು ಶೆಟ್ಟರು. "ಈ ಜನರನ್ನ ಇಷ್ಟು ದೂರ ತಂದು ಇಟ್ಟವರು ಯಾರು?"

ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. "ತಾವೇ, ಸ್ವಾಮಿ. ಮೊದಲು ಪೇಟೆಯ ಹಿಂದೆಯೇ ಇದ್ದರು. ಮಡಕೆ ಸುಡೋ ಆವಿಗೆಯ ಹೊಗೆ ಜಗಲಿಗೆ ಬರುತ್ತೆ ಅಂದಿರಿ. ಮರೆತುಬಿಟ್ಟಿರೇನೋ."

ಶೆಟ್ಟರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು.

ಕುಂಬಾರಗಿತ್ತಿ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕರೆದಳು. ಕಾಲಿಗೆ ನೀರು ಕೊಟ್ಟಳು. ಮದುವೆಯ ಸುದ್ದಿ ಕೇಳಿದ ದಿನವೇ ಮಡಕೆಗಳಿಗೆ ಸುಣ್ಣ, ಕೆಮ್ಮಣ್ಣು ಹಚ್ಚಿ ಸಿದ್ಧಮಾಡಿ ಇಟ್ಟಿದ್ದಳು. ಶೆಟ್ಟರಿಗೆ ಅವಳ ಮುಖ ನೋಡುವುದಾಗಲಿಲ್ಲ.

"ಬರೋದು ಬಿಟ್ಟೆಯಲ್ಲಮ್ಮ," ಎಂದರು.

"ಇಷ್ಟು ದಿನ ನಾನು ಬರ್ತಿದ್ದೆ ಶೆಟ್ಟರೇ, ನೀವು ಮನೇಲಿರ್ತಿದ್ರಿ. ಈಗ ನಾನು ಮನೇಲಿದ್ದೀನಿ, ನೀವು ಬಂದಿದ್ದೀರಿ. ಮಡಕೆ ಬೇಕು ಅಂದ ಮೇಲೆ ಯಾರಾದರೂ ಒಬ್ಬರು ದೋಣಿ ಹತ್ತಲೇಬೇಕಲ್ಲ?"

ಹಿಂದಿರುಗುವಾಗ ಶೆಟ್ಟರು ಒಂದು ಐರಣಿ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಮದುವೆ ಮುಗಿದ ಮೇಲೆ ಊರವರನ್ನು ಸೇರಿಸಿದರು. ಯಾವ ಕಡವಿನಿಂದ ಬಂದರೂ ಒಂದೇ ಹಿಡಿ ಎಂದಾಯಿತು. ಅಂಬಿಗನಿಗೆ ಕಡಿಮೆ ಬಿದ್ದ ರಾಗಿಯನ್ನು ಪೇಟೆಯ ಅಂಗಡಿಗಳು ಕೂಡಿ ಅಳೆದುಕೊಟ್ಟವು. ಮರುದಿನ ಬುಟ್ಟಿ ಹೊತ್ತ ಕುಂಬಾರಗಿತ್ತಿ ದೋಣಿಯಿಂದ ಇಳಿದಳು. ಆ ಸಂಜೆ ಅವಳ ಮನೆಯಲ್ಲಿ ಅವಳ ಪಾಲಿಗೂ ಒಂದು ಮುದ್ದೆ ಇತ್ತು.

ಗುರುಗಳು ಕತೆ ನಿಲ್ಲಿಸಿದರು.

ಪಂಚಾಕ್ಷರಿಯ ಕಣ್ಣು ಅರಳಿತ್ತು. "ಶೆಟ್ಟರದು ದೊಡ್ಡ ಮನಸ್ಸು, ಗುರುಗಳೇ. ವರ್ಷಕ್ಕೊಮ್ಮೆಯೂ ಹತ್ತದ ದೋಣಿಗೆ ದಾನ ಮಾಡಿದರು. ಆದರೆ ದಾನ ಬೇರೆ, ನ್ಯಾಯ ಬೇರೆ, ಅಲ್ಲವೇ? ಹಾಲು, ತರಕಾರಿ, ಹೂವು, ನನ್ನ ಮನೆಗೆ ಬೇಕಾದದ್ದೆಲ್ಲ ಬೆಳಗಾಗುವಷ್ಟರಲ್ಲಿ ಬಾಗಿಲಿಗೇ ಬಂದಿರುತ್ತದೆ. ನನಗೆಲ್ಲಿಯ ಬಸ್ಸು?"

ಗುರುಗಳು ಮಲ್ಲಿಗೆಯ ಮಾಲೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಇನ್ನೂ ಅರಳದ ಒಂದು ಮೊಗ್ಗನ್ನು ಬೆರಳಿನಿಂದ ಮುಟ್ಟಿ, ನಿಜವಾಗಿಯೂ ತಿಳಿಯಬೇಕೆನ್ನುವವರಂತೆ ಕೇಳಿದರು:

"ಈ ಹೂವು ಯಾವ ಬಸ್ಸಿಗೆ ಬಂತಪ್ಪ?"

ಪಂಚಾಕ್ಷರಿ ಬಗ್ಗಿ ಆ ಮೊಗ್ಗನ್ನೇ ನೋಡಿದ.

ಈ ಕತೆಗೆ ಕಿವಿಗೊಟ್ಟವರೆಲ್ಲರ ಮನೆಯ ಒಲೆ ಎರಡು ಹೊತ್ತೂ ಉರಿಯಲಿ. ದೂರದಿಂದ ಬರುವವರು ಬೇಗ ಬಂದು, ಕತ್ತಲಾಗುವ ಮೊದಲು ಮನೆ ಸೇರಲಿ. ಅವರನ್ನೂ ನಮ್ಮನ್ನೂ ಆ ಪರಮಾತ್ಮ ಒಂದೇ ದೋಣಿಯಲ್ಲಿ ದಡ ಮುಟ್ಟಿಸಲಿ.