ಬೆಂಕಿಯ ತಾರೀಖು

ಪುರಸಭೆಯ ಹಳೆಯ ಕಡತಗಳೆಲ್ಲ ಬೆಂಕಿಯಲ್ಲಿ ಸುಟ್ಟುಹೋಗಿವೆ ಎಂದು ಊರೆಲ್ಲ ನಂಬಿತ್ತು. ಯಾವಾಗ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಹೊಲಿಗೆಯ ಫಕೀರವ್ವನಿಗೆ ಕೇಳದೆ ಗತಿಯಿರಲಿಲ್ಲ. ಹಕ್ಕುಪತ್ರ ತೋರಿಸದಿದ್ದರೆ ತಿಂಗಳೊಳಗೆ ಮನೆ ಕೆಡವುತ್ತೇವೆಂದು ನೋಟಿಸು ಬಂದಿತ್ತು. ಅವಳ ಪ್ರತಿಯನ್ನು ಗೆದ್ದಲು ತಿಂದಿತ್ತು. ಮಾಹಿತಿ ಹಕ್ಕಿನಲ್ಲಿ ಕಚೇರಿಯ ಪ್ರತಿ ಕೇಳಿದಳು. ‘ಸುಟ್ಟುಹೋಗಿದೆ’ ಎಂದು ಮುಖ್ಯಾಧಿಕಾರಿ ಹಾದಿಮನಿ ಬರೆದುಕೊಟ್ಟರು.

“ಇನ್ನ ಬೂದಿಗೆ ಅರ್ಜಿ ಹಾಕ್ತೀಯೇನವಾ?” ಎಂದು ನಕ್ಕರು ಕೂಡ.

ಫಕೀರವ್ವ ನಿಜವಾಗಿಯೂ ಹಾಕಿದಳು. ಬೆಂಕಿ ಬಿದ್ದ ತಾರೀಖು ತಿಳಿಸಬೇಕು, ಅಷ್ಟೇ.

“ಅದ್ಯಾಕ ಬೇಕ ನಿನಗ?”

“ಪಾಪ, ಯಾರೋ ಆರಿಸ್ಯಾರಲ್ರಿ ಸಾಹೇಬ್ರ. ಓಣಿಯವರು ಸೇರಿ ಶಾಲು ಹೊದಿಸ್ಬೇಕಂತ ಮಾಡೀವಿ.”

ತಮ್ಮ ಕಾಲದ ತಾರೀಖು ಕೊಟ್ಟರೆ ತನಿಖೆ ತಮ್ಮ ಕೊರಳಿಗೇ ಬರುತ್ತದೆ. ಹಾದಿಮನಿ ಹತ್ತು ವರ್ಷ ಹಿಂದಿನದೊಂದು ತಾರೀಖು ಬರೆದು ಮೊಹರು ಒತ್ತಿದರು.

ಹಿಂದಿನ ಮುಖ್ಯಾಧಿಕಾರಿಗಳ ಹೆಸರು, ಅವಧಿ ಬರೆದ ಫಲಕ ಅವರ ಬೆನ್ನ ಹಿಂದೆಯೇ ಇತ್ತು. ಗಂಟೆಗಟ್ಟಲೆ ಎದುರು ನಿಂತಿದ್ದ ಫಕೀರವ್ವನಿಗೆ ಅದು ಬಾಯಿಪಾಠವಾಗಿತ್ತು. ಆ ವರ್ಷದವರು ಕೊಣ್ಣೂರ. ಈಗ ಅವರೇ ಜಿಲ್ಲಾ ಕಚೇರಿಯಲ್ಲಿ ಮೇಲ್ಮನವಿ ಕೇಳುವ ಅಧಿಕಾರಿ.

ಮೇಲ್ಮನವಿಯ ಜೊತೆ ಶಾಲನ್ನೂ ಅವರ ಮೇಜಿನ ಮೇಲಿಟ್ಟಳು. “ಬೆಂಕಿ ಆರಿಸಿದ್ದಕ್ಕರಿ.”

ಕೊಣ್ಣೂರರು ತಾರೀಖನ್ನು ಎರಡು ಸಲ ಓದಿದರು. ಶಾಲನ್ನು ಅತ್ತ ಸರಿಸಿ ಫೋನೆತ್ತಿದರು.

“ಹಾದಿಮನಿ, ಆವತ್ತು ಆ ಕುರ್ಚಿಯೊಳಗ ನಾನ ಕುಂತಿದ್ದೆ. ನನಗ ಕಾಣಲಾರದ ಬೆಂಕಿ ನಿಮಗೆಲ್ಲಿ ಕಾಣಿಸ್ತಪಾ?”

ಮೂರನೆಯ ದಿನ ಹಕ್ಕುಪತ್ರದ ಪ್ರತಿ ಫಕೀರವ್ವನ ಕೈಸೇರಿತು, ನೋಟಿಸು ರದ್ದಾಯಿತು.

ಆ ಕಚೇರಿಗೆ ಎಂದೂ ಬೆಂಕಿ ಬಿದ್ದಿರಲಿಲ್ಲ.