ಎರವಲು ಜಟ್ಟಿ

"ನಮ್ಮ ಹೊನ್ನಗುಡ್ಡದಲ್ಲಿ ಬಾಯಿ ಹತ್ತು ಸಾವಿರ, ಮಾತು ಮಾತ್ರ ಒಂದೇ!" ಎಂದು ದೊರೆ ಮುದ್ದುವೀರ ನಾಯಕರು ಮೀಸೆ ತಿರುವಿದರು.

ಆಸ್ಥಾನದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಆಸ್ಥಾನದ ಜಾಣ ಸೂರಪ್ಪಯ್ಯನಿಗೆ ಮಾತ್ರ, ಪಾಪ, ಅದೇ ಹೊತ್ತಿಗೆ ಕೆಮ್ಮು ಬಂತು. ಕೆಮ್ಮೋ ನಗೆಯೋ ದೇವರೇ ಬಲ್ಲ.

"ಏನಯ್ಯಾ, ಅನುಮಾನವೇ?"

"ಎಲ್ಲಾದರೂ ಉಂಟೇ ಪ್ರಭು! ಕೊಟ್ರನ ವಿಷಯ ನೆನಪಾಯಿತು, ಅಷ್ಟೆ."

ದೊರೆಯ ಕೈ ಮೀಸೆಯಿಂದ ಕೆಳಗಿಳಿಯಿತು.

ಕೊಟ್ರ ಪಕ್ಕದ ಮದಗನೂರಿನ ಜಟ್ಟಿ. ಹೋದ ದಸರೆಯಲ್ಲಿ ಹೊನ್ನಗುಡ್ಡದ ಗರಡಿಯವರು ಸಾಲಾಗಿ ಮಣ್ಣು ಮುಕ್ಕಿದ ಮೇಲೆ, ಮಾನ ಉಳಿದರೆ ಸಾಕೆಂದು ದೊರೆ ಅವನನ್ನು ಒಂದು ವರ್ಷಕ್ಕೆ ಎರವಲು ತಂದಿದ್ದರು. ವರ್ಷ ಮುಗಿಯುತ್ತ ಬಂದಿತ್ತು. ಮದಗನೂರಿನ ದೊರೆ ಓಲೆ ಬರೆದಿದ್ದ: "ಜಟ್ಟಿಯನ್ನು ಕಳಿಸಿಕೊಡಿ. ಕಾಯಮ್ಮಾಗಿ ಇಟ್ಟುಕೊಳ್ಳುವುದಾದರೆ ಬದಲಿಗೆ ನಿಮ್ಮ ಪಂಚಕಲ್ಯಾಣಿ ಕುದುರೆ ಕೊಡಿ." ಆ ಕುದುರೆಯೆಂದರೆ ನಾಯಕರಿಗೆ ಪ್ರಾಣ. ಕೊಡಲು ಮನಸ್ಸಿಲ್ಲ, ಕೊಡದಿದ್ದರೆ ಜನ ಆಡಿಕೊಂಡಾರು ಎಂಬ ಅಂಜಿಕೆ.

"ಹಾಗಾದರೆ ಕೇಳು," ಎಂದರು ದೊರೆ. "ಕೊಟ್ರನ ವಿಷಯದಲ್ಲಿ ಇಡೀ ಊರು ಒಪ್ಪುವ ಒಂದೇ ಒಂದು ಮಾತು ಯಾವುದು ಅಂತ ಮೂರು ದಿನದಲ್ಲಿ ಬಂದು ಹೇಳು. ಇಗೋ ನನ್ನ ಮುದ್ರೆಯುಂಗುರ, ಡಂಗುರ ಬೇಕಾದರೂ ಹೊಡೆಸು. ಒಬ್ಬನೇ ಒಬ್ಬ ಬೇರೆ ಮಾತಾಡಿದರೂ ನಾಲ್ಕನೇ ದಿನ ಗಂಟುಮೂಟೆ ಕಟ್ಟಿ ಊರು ಬಿಡು!"

ಸುದ್ದಿ ಕೇಳಿ ಹೆಂಡತಿ ತುಂಗಮ್ಮ ಸೌಟು ಕುಕ್ಕಿದಳು. "ನಿಮ್ಮ ಕೆಮ್ಮಿಗೆ ಬೆಂಕಿ ಬೀಳ! ಹಿತ್ತಲಲ್ಲಿ ಹೀರೆಬಳ್ಳಿ ಈಗಷ್ಟೇ ಹೂ ಬಿಟ್ಟಿದೆ. ಅದನ್ನು ಬಿಟ್ಟು ಯಾವ ಊರಿಗೆ ಹೋಗಲಿ ನಾನು?"

ಸೂರಪ್ಪಯ್ಯ ಗರಡಿಮನೆಯ ಕಟ್ಟೆಗೆ ನಡೆದ. ಅಲ್ಲಿ ಆಗಲೇ ಜಗಳ ಕಾವೇರಿತ್ತು.

"ಇಟ್ಟುಕೊಳ್ಳಲೇಬೇಕು!" ಎನ್ನುತ್ತಿದ್ದ ಪೇಟೆ ಬೀದಿಯ ಗಾಣದ ಸಿದ್ದೇಶಿ. "ಎಂಟು ಕುಸ್ತಿಯಲ್ಲಿ ಐದು ಗೆದ್ದಿದ್ದಾನೆ. ಆ ತೊಡೆ ನೋಡಿದೆಯಾ?"

"ಐದರಲ್ಲಿ ಎರಡು ಸಲ ಎದುರಾಳಿಗೆ ಭೇದಿ ಹಿಡಿದಿತ್ತು," ಎಂದ ಕೋಟೆ ಬೀದಿಯ ಹಿರಿಯಣ್ಣ. "ಅವನ ಎಡಗಾಲು ಭಾರ. ಕಳಿಸಿಬಿಡಿ ಅತ್ತ!"

"ಎಡಗಾಲು ಭಾರ ಅಂತ ನಿನಗೆ ಹೇಗೆ ಗೊತ್ತು?"

"ಮೂವತ್ತು ವರ್ಷದಿಂದ ಇದೇ ಕಟ್ಟೆ ಮೇಲೆ ಕೂತು ನೋಡುತ್ತಿದ್ದೇನಪ್ಪ!"

ಇಬ್ಬರೂ ಹುಟ್ಟಿದಾಗಿನಿಂದ ಗರಡಿಯ ಮಣ್ಣಿಗೆ ಕಾಲಿಟ್ಟವರಲ್ಲ. ಆದರೇನು, ಊರೇ ಎರಡು ಹೋಳಾಗಿತ್ತು; ಪೇಟೆ ಬೀದಿಯ ಪಾಲಿಗೆ ಸಿದ್ದೇಶಿಯ ಮಾತು ವೇದ, ಕೋಟೆ ಬೀದಿಗೆ ಹಿರಿಯಣ್ಣನದು. ಎರಡು ಬೀದಿಗಳ ನಡುವೆ ನಿಶ್ಚಯವಾಗಿದ್ದ ಮದುವೆಯೊಂದು ಕೊಟ್ರನ ಎಡಗಾಲಿನ ದೆಸೆಯಿಂದ ಮುರಿದೇಬಿದ್ದಿತ್ತು.

"ಇಟ್ಟುಕೊಂಡರೆ ಕುದುರೆ ಹೋಗುತ್ತಲ್ಲಯ್ಯ?" ಎಂದ ಸೂರಪ್ಪಯ್ಯ.

"ಹೋಗಲಿ ಬಿಡಿ ಸ್ವಾಮಿ, ನಮ್ಮಪ್ಪನ ಗಂಟೇನು ಹೋಗುತ್ತೆ?" ಎಂದ ಸಿದ್ದೇಶಿ ಧಾರಾಳವಾಗಿ.

ಒಳಗೆ ಕೊಟ್ರ ಒಬ್ಬನೇ ಸನಿಕೆ ಹಿಡಿದು ಅಖಾಡದ ಕೆಮ್ಮಣ್ಣು ಅಗೆಯುತ್ತಿದ್ದ. ಸೂರಪ್ಪಯ್ಯ ಹತ್ತಿರ ಹೋದ. "ನಿನಗೇನು ಬೇಕಪ್ಪ? ಇರ್ತೀಯೋ, ಹೋಗ್ತೀಯೋ?"

ಕೊಟ್ರ ಕಣ್ಣರಳಿಸಿದ. "ಈ ಮಾತು ಕೇಳಿದವರು ನೀವೇ ಮೊದಲು ಬುದ್ಧಿ. ನನ್ನ ಹೆಂಡತಿ ಹೆತ್ತು ಐದು ತಿಂಗಳಾಯಿತು. ಇನ್ನೂ ಮಗಳ ಮುಖ ನೋಡಿಲ್ಲ."

ಸೂರಪ್ಪಯ್ಯ ಎರಡು ದಿನ ಯೋಚಿಸಿದ. ಮೂರನೇ ದಿನ ಬೆಳಿಗ್ಗೆ ಇಬ್ಬರು ಡಂಗುರದವರನ್ನು ಕರೆದು, ಉಂಗುರ ತೋರಿಸಿ, ಒಬ್ಬನನ್ನು ಪೇಟೆ ಬೀದಿಗೆ, ಇನ್ನೊಬ್ಬನನ್ನು ಕೋಟೆ ಬೀದಿಗೆ ಅಟ್ಟಿದ.

ಪೇಟೆ ಬೀದಿಯಲ್ಲಿ ತಮಟೆ ಮೊಳಗಿತು: "ಕೇಳ್ರಪ್ಪೋ ಕೇಳಿ! ನಿಮ್ಮಿಷ್ಟದಂತೆ ದೊರೆಗಳು ಕೊಟ್ರನನ್ನು ಇಟ್ಟುಕೊಂಡರು! ಕುದುರೆ ಮದಗನೂರಿಗೆ!"

ಕುಣಿದಾಡಬೇಕಿದ್ದ ಸಿದ್ದೇಶಿ ಗಾಣ ನಿಲ್ಲಿಸಿ ಓಡಿಬಂದ. "ಏನು, ಕುದುರೆ ಕೊಟ್ಟೇಬಿಟ್ಟರಾ? ಒಂದು ಟಗರು ಕೊಟ್ಟು ಮುಗಿಸುವ ವ್ಯವಹಾರ! ಮೂರು ಸಲ ಬಿದ್ದವನಿಗೆ ಪಂಚಕಲ್ಯಾಣಿಯೇ? ದೊರೆಗೆ ಬುದ್ಧಿ ಬೇಡವೇ?" ಬೀದಿಯೆಲ್ಲ ಅವನ ಹಿಂದೆ ಅರಮನೆಗೆ ಹೊರಟಿತು.

ಕೋಟೆ ಬೀದಿಯಲ್ಲೂ ತಮಟೆ ಮೊಳಗಿತು: "ಕೇಳ್ರಪ್ಪೋ ಕೇಳಿ! ನಿಮ್ಮಿಷ್ಟದಂತೆ ದೊರೆಗಳು ಕೊಟ್ರನನ್ನು ಕಳಿಸಿಬಿಟ್ಟರು!"

ಹಿರಿಯಣ್ಣ ತಲೆ ಮೇಲೆ ಕೈ ಹೊತ್ತ. "ಅಯ್ಯಯ್ಯೋ! ಐದು ಕುಸ್ತಿ ಗೆದ್ದವನನ್ನು ಸುಮ್ಮನೆ ಕಳಿಸುವುದೇ? ಬರುವ ದಸರೆಗೆ ನಮ್ಮವರ ಬೆನ್ನಿಗೇ ಮಣ್ಣು ಹತ್ತಿಸುತ್ತಾನೆ! ಕಳಿಸಿ ಅಂದರೆ ಕಳಿಸಿಯೇಬಿಡೋದಾ?" ಆ ಬೀದಿಯೂ ಅರಮನೆಗೆ ಹೊರಟಿತು.

ಮಧ್ಯಾಹ್ನದ ಹೊತ್ತಿಗೆ ಹೆಬ್ಬಾಗಿಲ ಮುಂದೆ ಕಾಲಿಡಲು ಜಾಗವಿಲ್ಲ. ದೊರೆ ಗಾಬರಿಯಿಂದ ಉಪ್ಪರಿಗೆಗೆ ಬಂದರು. ಆ ಗದ್ದಲದಲ್ಲಿ ಬಿಡಿಸಿ ಕೇಳುತ್ತಿದ್ದುದು ಒಂದೇ ಕೂಗು: "ದೊರೆ ಮಾಡಿದ್ದು ತಪ್ಪು! ದೊರೆ ಮಾಡಿದ್ದು ತಪ್ಪು!"

"ಸೂರಪ್ಪಯ್ಯಾ!" ಎಂದು ಗುಡುಗಿದರು. "ಏನಯ್ಯಾ ಇದು? ನಾನಿನ್ನೂ ಏನೂ ಮಾಡಿಯೇ ಇಲ್ಲವಲ್ಲ!"

ಸೂರಪ್ಪಯ್ಯ ಕೈಮುಗಿದ. "ಇಟ್ಟುಕೊಂಡಿರಿ ಅಂತ ಪೇಟೆ ಬೀದಿಗೆ ಸಾರಿಸಿದೆ, ಕಳಿಸಿದಿರಿ ಅಂತ ಕೋಟೆ ಬೀದಿಗೆ. ಇಬ್ಬರಿಗೂ ಅವರವರು ಬೇಡಿದ್ದೇ ಸಿಕ್ಕಿತು. ಇಡೀ ಊರು ಒಪ್ಪುವ ಮಾತು ಕೇಳಿದಿರಿ ಪ್ರಭು, ಆಲಿಸಿ. ಒಬ್ಬನಾದರೂ ಬೇರೆ ಹೇಳುತ್ತಿದ್ದಾನೆಯೇ?"

ದೊರೆ ಕಿವಿಗೊಟ್ಟು ಕೇಳಿದರು. ಮುಖ ಕೆಂಪಾಯಿತು, ಮೀಸೆ ಅದುರಿತು, ಕೊನೆಗೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು. ಹೆಗಲ ಮೇಲಿನ ಶಾಲು ತೆಗೆದು ಸೂರಪ್ಪಯ್ಯನಿಗೆ ಹೊದಿಸಿದರು.

"ಗೆದ್ದೆಯಯ್ಯಾ, ಊರು ಬಿಡಬೇಡ. ಆದರೆ ನಾನೀಗ ಮಾಡಬೇಕಾದ್ದೇನು, ಅದನ್ನು ಹೇಳು."

"ಬೈಗುಳ ಹೇಗೂ ತಪ್ಪಿದ್ದಲ್ಲ ಪ್ರಭು. ಕೊಟ್ರನನ್ನು ಅವನ ಮಗಳ ಹತ್ತಿರ ಕಳಿಸಿಕೊಡಿ. ತಾವು ಆರಾಮವಾಗಿ ಕುದುರೆ ಮೇಲೆ ಕೂತು ಬೈಸಿಕೊಳ್ಳಿ."