ಕನಿಷ್ಠ ಹತ್ತು ಬಟ್ಟೆ

ಇಸ್ತ್ರಿ ಗಾಡಿಯ ಚೌಡಪ್ಪನಿಗೆ ಬ್ಯಾಂಕಿನಿಂದ ನೋಟಿಸು ಬಂತು. ಅದನ್ನು ಹಿಡಿದು ಮ್ಯಾನೇಜರ ಮುಂದೆ ಹೋಗಿ ನಿಂತ.

"ಖಾತೆಯಲ್ಲಿ ಸಾವಿರಕ್ಕಿಂತ ಕಮ್ಮಿ ಇತ್ತು, ದಂಡ ಬಿತ್ತು. ದಂಡದಿಂದ ಇನ್ನೂ ಕಮ್ಮಿಯಾಯ್ತು, ಮತ್ತೆ ದಂಡ ಬಿತ್ತು. ಈಗ ನೀನೇ ನಮಗೆ ತೊಂಬತ್ತು ರೂಪಾಯಿ ಕೊಡಬೇಕು," ಎಂದರು ಮ್ಯಾನೇಜರು.

"ಸ್ವಾಮಿ, ಅದು ಮಗಳ ಬಾಣಂತನಕ್ಕೆ ಇಟ್ಟ ದುಡ್ಡು. ಯಾರು ತಗೊಂಡ್ರು?"

"ಯಾರೂ ಇಲ್ಲ. ಕಂಪ್ಯೂಟರು ತಾನಾಗೇ ತಗೊಳ್ಳುತ್ತೆ. ಕಟ್ಟದಿದ್ರೆ ಪೊಲೀಸು, ಕೋರ್ಟು!"

ಅಂದಿನಿಂದ ಚೌಡಪ್ಪನಿಗೆ ಅನ್ನ ಸೇರಲಿಲ್ಲ. ಖಾಕಿ ಬಟ್ಟೆ ಕಂಡರೆ ಸಾಕು, ಗಾಡಿಯ ಹಿಂದೆ ಅವಿತುಕೊಳ್ಳುತ್ತಿದ್ದ.

ಗುರುವಾರ ಬೆಳಿಗ್ಗೆ ಮ್ಯಾನೇಜರು ಬನಿಯನ್ನಿನಲ್ಲೇ ಓಡಿ ಬಂದರು. "ದೊಡ್ಡ ಸಾಹೇಬರು ತಪಾಸಣೆಗೆ ಬರ್ತಿದ್ದಾರೆ. ನನ್ನ ನಾಲ್ಕೂ ಶರ್ಟು ನಿನ್ನ ಹತ್ರಾನೇ ಇವೆ, ಕೊಡು ಬೇಗ!"

ಚೌಡಪ್ಪ ಗಾಡಿಯ ಹಿಂದಕ್ಕೆ ಒಂದು ಹೆಜ್ಜೆ ಸರಿದ. ಆದರೂ ಹೇಳಿದ: "ಸ್ವಾಮಿ, ಗಾಡಿಯಲ್ಲಿ ನಿಮ್ಮವು ಯಾವಾಗಲೂ ಹತ್ತು ಬಟ್ಟೆ ಇರಬೇಕು. ನಾಲ್ಕೇ ಇದ್ದವು. ದಂಡಕ್ಕೆ ಒಂದು ಹೋಯ್ತು. ಮೂರಕ್ಕಿಳೀತು, ಮತ್ತೆ ದಂಡ. ಹಾಗೇ ಎಲ್ಲಾ ಮುಗೀತು. ಈಗ ನೀವೇ ನನಗೊಂದು ಪ್ಯಾಂಟು ಕೊಡಬೇಕು."

"ನನ್ನ ಶರ್ಟು ತಗೊಂಡೋನು ಯಾವನೋ?"

"ಯಾರೂ ಇಲ್ಲ ಸ್ವಾಮಿ. ಇಸ್ತ್ರಿಪೆಟ್ಟಿಗೆ ತಾನಾಗೇ ತಗೊಳ್ಳುತ್ತೆ."

ಅಷ್ಟರಲ್ಲಿ ತಿರುವಿನಲ್ಲಿ ಸಾಹೇಬರ ಜೀಪು ಕಾಣಿಸಿತು. ಮ್ಯಾನೇಜರು ತೊಟ್ಟಿದ್ದ ಪ್ಯಾಂಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. "ನಿಮ್ಮ ದಂಡ ಇವತ್ತೇ ವಾಪಸು ಹಾಕಿಸ್ತೀನಿ, ಚೌಡಪ್ಪನವರೇ!"

ಚೌಡಪ್ಪ ಗಾಡಿಯ ಕೆಳಗಿಂದ ಒಂದು ಶರ್ಟು ತೆಗೆದು ಕೊಟ್ಟ. "ಉಳಿದ ಮೂರು, ಪಾಸ್‌ಬುಕ್ಕು ನೋಡಿದ ಮೇಲೆ ಸ್ವಾಮಿ."